ಸ್ಕೋರ್‌ಶೀಟ್‌ನಲ್ಲಿ ಟೈಮ್ ಬರೆದೇ ರೇಟಿಂಗ್ ಏರಿಸಿಕೊಂಡೆ

ಚೆಸ್ ಕ್ಲಬ್ಬಿನಲ್ಲಿ ಇದನ್ನು ಮೊದಲು ಹೇಳಿದಾಗ ನಕ್ಕವರೇ ಜಾಸ್ತಿ. "ಮೂವ್ ಹುಡುಕೋದು ಬಿಟ್ಟು ಟೈಮ್ ಬರ್ಕೊಂಡು ಕೂತಿದ್ದೀಯಲ್ಲ ಮಾರಾಯ" ಅಂದರು. ಈಗ ಅವರಲ್ಲೇ ಕೆಲವರು ನಾನು ಮೂವ್ ಬರೆಯುವ ಸ್ಕೋರ್‌ಶೀಟಿನ ಫೋಟೋ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇಬಿಡೋಣ ಅಂತ ಕೂತಿದ್ದೇನೆ.

ವರ್ಷಗಟ್ಟಲೆ ರೇಟಿಂಗ್ 1560ರ ಆಸುಪಾಸಿನಲ್ಲೇ ಅಂಟಿಕೊಂಡಿದ್ದೆ. 2024ರ ಮಾರ್ಚ್‌ನಲ್ಲಿ ಫಿಡೆ (ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ) 2000ಕ್ಕಿಂತ ಕೆಳಗಿದ್ದವರ ರೇಟಿಂಗನ್ನು ಒಮ್ಮೆ ಏರಿಸಿತಲ್ಲ, ಆಗ 1730 ಚಿಲ್ಲರೆ ಆಯಿತು. ಅದು ಪುಕ್ಕಟೆ ಬಂದದ್ದು, ಲೆಕ್ಕಕ್ಕಿಲ್ಲ. ಅಲ್ಲಿಂದ 1850 ದಾಟಿದ್ದು ನನ್ನ ದುಡಿಮೆ. ನಲವತ್ತು ದಾಟಿದವನು ಹನ್ನೊಂದು ವರ್ಷದ ಹುಡುಗರ ಎದುರು ಕೂತು ಇಷ್ಟು ಗಳಿಸೋದು ಸಣ್ಣ ಮಾತಲ್ಲ.

ಅದಕ್ಕೆ ಮೊದಲು ದುಡ್ಡು ಹೋದ ದಾರಿ ಕೇಳಿ. ಒಬ್ಬ ಕೋಚ್ ಹತ್ತಿರ ತಿಂಗಳಿಗೆ ನಾಲ್ಕು ಸಾವಿರದಂತೆ ಅರ್ಧ ವರ್ಷ ಸಿಸಿಲಿಯನ್ ಅನ್ನುವ ಓಪನಿಂಗ್ (ಆಟ ಶುರು ಮಾಡುವ ಒಂದು ಕ್ರಮ) ಕಲಿತೆ. ಎದುರಾಳಿಗಳು ಎರಡನೇ ಮೂವ್‌ನಲ್ಲೇ ಸಿ3 (ಅಕ್ಷರ, ಅಂಕಿ ಸೇರಿ ಬೋರ್ಡಿನ ಮನೆಯ ಹೆಸರು) ಆಡಿ ಬೇರೆ ದಾರಿ ಹಿಡಿದು ಅದನ್ನೆಲ್ಲ ನೀರಲ್ಲಿ ಹಾಕಿದರು. ಆಮೇಲೆ ಏಳೆಂಟು ಸಾವಿರದ ಒಂದು ವಿಡಿಯೋ ಕೋರ್ಸ್. ಅದನ್ನು ಪೂರ್ತಿ ನೋಡಿಯೂ ಇಲ್ಲ. ಟೂರ್ನಮೆಂಟ್ ಖರ್ಚು ಬೇರೆ. ದಾವಣಗೆರೆಯಿಂದ ಮಂಗಳೂರಿಗೆ ಹೋಗಿ ಆಡಿ ಬಂದರೆ ಎಂಟ್ರಿ ಫೀ ಮೂರು ಸಾವಿರ, ಲಾಡ್ಜು, ಬಸ್ಸು, ಊಟ ಸೇರಿ ಎಂಟೊಂಬತ್ತು ಸಾವಿರ. ಅಷ್ಟು ಸುರಿದು ಹದಿನೈದು ಪಾಯಿಂಟ್ ಕಳೆದುಕೊಂಡು ಬಂದರೆ ಮನೆಯಲ್ಲಿ ಏನಂತ ಹೇಳೋದು?

ಪಜಲ್‌ಗಳನ್ನೂ ಮಾಡಿದೆ. ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟಿನಲ್ಲಿ ದಿನಾ ಮೂವತ್ತು ನಲವತ್ತು. ಪಜಲ್ ರೇಟಿಂಗ್ 2200 ಮುಟ್ಟಿತು, ಬೋರ್ಡ್ ಮೇಲೆ ಏನೂ ಬದಲಾಗಲಿಲ್ಲ. ಪಜಲ್ ಅಂದ ತಕ್ಷಣ "ಇಲ್ಲಿ ಏನೋ ಇದೆ" ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಗೇಮಿನಲ್ಲಿ ಅದನ್ನು ಯಾರೂ ಹೇಳೋದಿಲ್ಲ, ಅಲ್ವಾ? ನನ್ನ ತೊಂದರೆ ಅಲ್ಲೇ ಇತ್ತು.

ಮೂವನ್ನು ಮೊದಲು ಬರೆದು ಆಮೇಲೆ ಆಡುವ ಹಳೇ ಅಭ್ಯಾಸಕ್ಕೆ ಈಗ ಫಿಡೆ ನಿಯಮ ಬಿಡೋದಿಲ್ಲ. ಗಡಿಯಾರದ ಟೈಮ್ ಬರೆಯಲು ಅಡ್ಡಿಯಿಲ್ಲ. ಪ್ರತಿ ಮೂವ್ ಪಕ್ಕ ಉಳಿದ ನಿಮಿಷ ಬರೆಯಲು ಶುರು ಮಾಡಿದೆ. ಮನೆಗೆ ಬಂದು ಅದನ್ನು ಸ್ಟಾಕ್‌ಫಿಶ್ (ಯಾರು ಮುಂದಿದ್ದಾರೆ ಅಂತ ಅಳೆಯುವ ಚೆಸ್ ಎಂಜಿನ್) ಗ್ರಾಫಿನ ಪಕ್ಕ ಇಟ್ಟೆ. ಗೇಮ್ ತಿರುಗಿದ ಜಾಗಗಳಲ್ಲಿ ನಾನು ಕೊಟ್ಟಿದ್ದು ಒಂದೆರಡು ನಿಮಿಷ. ರೂಕ್ (ಆನೆ) ಡಿ1ಗೋ ಇ1ಗೋ ಅನ್ನುವಂಥ, ಎರಡೂ ನಡೆಯುವ ಜಾಗದಲ್ಲಿ ಹದಿನೆಂಟು, ಇಪ್ಪತ್ತು ನಿಮಿಷ! ಒಬ್ಬರಿಗೆ ಸಿಗೋದು 90 ನಿಮಿಷ, ಮೇಲೆ ಮೂವ್‌ಗೆ 30 ಸೆಕೆಂಡ್. ಇಷ್ಟಿದ್ದೂ ಬೇಕಾದ ಕಡೆ ಖರ್ಚು ಮಾಡುತ್ತಿರಲಿಲ್ಲ.

ತಿರುಗಿದ ಜಾಗಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಬಹುಪಾಲು ಒಂದೇ ಜಾತಿಯವು. ಕೊನೆಯ ಪೀಸ್ ಎಕ್ಸ್‌ಚೇಂಜ್ (ಅವನದೊಂದು ಹೊಡೆದು ನಮ್ಮದೊಂದು ಕೊಡೋದು), ಯಾವ ಪಾನ್‌ನಿಂದ (ಕಾಲಾಳು) ವಾಪಸ್ ಹೊಡೆಯೋದು ಅನ್ನುವ ಆಯ್ಕೆ, ನಡುವಿನ ಪಾನ್‌ಗಳನ್ನು ಮುಚ್ಚೋದು. ಆಡಿದ ಮೇಲೆ ಹಿಂದಕ್ಕೆ ಬರಲಾಗದ ಮೂವ್‌ಗಳು. ಇಂಥದ್ದು ಬಂದರೆ ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡು ಕನಿಷ್ಠ ಹತ್ತು ನಿಮಿಷ ಕೂರಲೇಬೇಕು ಅಂತ ನನಗೆ ನಾನೇ ಕಾಯಿದೆ ಹಾಕಿಕೊಂಡೆ. ಉಳಿದ ಮೂವ್‌ಗಳಿಗೆ ಮೂರು ನಿಮಿಷ ಮೀರುವಂತಿಲ್ಲ.

ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್ಪಿನ 14ನೇ ಗೇಮ್ ನೆನಪಿದೆಯಲ್ಲ, 2024ರ ಡಿಸೆಂಬರ್ 12. ಆಗಿನ ಚಾಂಪಿಯನ್ ಡಿಂಗ್ ಲಿರೆನ್ 55ನೇ ಮೂವ್‌ಗೆ ರೂಕ್ ಎಫ್2 ಆಡಿದರು. ಗುಕೇಶ್ ರೂಕ್ ಎಕ್ಸ್‌ಚೇಂಜ್ ಮಾಡಿದರೆ ಮುಂದೆ ಅವರ ಬಿಷಪ್ (ಒಂಟೆ) ಡಿ5, ಎ8ರ ಮೂಲೆಯಲ್ಲಿದ್ದ ಡಿಂಗ್ ಬಿಷಪ್‌ಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಉಳಿಯೋದು ಬರೀ ರಾಜ, ಪಾನ್‌ಗಳ ಸೋತ ಎಂಡಿಂಗ್. ವಿಶ್ವ ಚಾಂಪಿಯನ್‌ಷಿಪ್ಪೇ ಒಂದು ಎಕ್ಸ್‌ಚೇಂಜ್‌ನಲ್ಲಿ ಹೋಯಿತು.

ನನ್ನದೇ ಒಂದು ಹೇಳುತ್ತೇನೆ. ನಾನು ಬಿಳಿ. ನನ್ನ ಪಾನ್‌ಗಳು ಎ5, ಬಿ5, ಸಿ5, ಎದುರಾಳಿ ಹುಡುಗನವು ಎ7, ಬಿ7, ಸಿ7. ಬೋರ್ಡಿನ ಇನ್ನೊಂದು ಬದಿಯಲ್ಲಿ ಇಬ್ಬರಿಗೂ ಒಂದೊಂದು ಎಚ್ ಪಾನ್. ನನ್ನ ರೂಕ್ ಜಿ3, ಅವನ ರೂಕ್ ಜಿ7, ಅವನ ರಾಜ ಎಚ್8. ಮೂರು ಪಾನ್ ಬ್ರೇಕ್‌ಥ್ರೂ (ಪಾನ್‌ಗಳನ್ನು ಬಲಿ ಕೊಟ್ಟು ಒಂದಕ್ಕೆ ಕ್ವೀನ್ ಆಗುವ ದಾರಿ ಬಿಡಿಸೋದು) ನಿಮಗೆಲ್ಲ ಗೊತ್ತು, ಡಯಾಗ್ರಾಮ್ ತೋರಿಸಿದರೆ ಎರಡು ಸೆಕೆಂಡ್. ಆದರೆ ಬೋರ್ಡ್ ಮೇಲೆ ರೂಕ್‌ಗಳು ಕೂತಿರುವಾಗ ಕಣ್ಣಿಗೆ ಬೀಳೋದಿಲ್ಲ. ಎಕ್ಸ್‌ಚೇಂಜ್ ಇದೆ ಅಂತ ಕಾಯಿದೆ ಪ್ರಕಾರ ಕೂತೆ. ಜಿ7ನಲ್ಲಿ ಹೊಡೆದರೆ ರಾಜ ಹೊಡೆಯಲೇಬೇಕು, ಸರದಿ ನನ್ನದು. ಬಿ6! ಎ ಪಾನ್‌ನಿಂದ ಹೊಡೆದರೆ ಸಿ6, ಸಿ ಪಾನ್‌ನಿಂದ ಹೊಡೆದರೆ ಎ6. ಎರಡನೆಯದರಲ್ಲಿ ನನ್ನ ಪಾನ್ ಸಿ6ಕ್ಕೆ ಬಂದಾಗ ಅವನ ರಾಜ ಒಂದು ಹೆಜ್ಜೆ ಹಿಂದೆ. ಜಿ7 ಬದಲು ಎಫ್7ನಲ್ಲಿದ್ದಿದ್ದರೆ ಹಿಡಿದೇಬಿಡುತ್ತಿದ್ದ. ನಾನು ಸುಮ್ನೆ ಒಂದು ಮೂವ್ ಕಾದಿದ್ದರೆ ಅವನೇ ಜಿ3ನಲ್ಲಿ ಹೊಡೆದು, ಆಮೇಲೆ ಬಿ6 ಆಡಿ ಬಾಗಿಲು ಹಾಕುತ್ತಿದ್ದ. ಇದನ್ನೆಲ್ಲ ಎರಡೆರಡು ಸಲ ಎಣಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಹುಡುಗ ಅಷ್ಟೊತ್ತಿಗೆ ಎದ್ದು ಹೋಗಿ ಪಕ್ಕದ ಬೋರ್ಡ್ ನೋಡುತ್ತಿದ್ದ. ವಾಪಸ್ ಬಂದು ಮುಖ ಸಪ್ಪಗೆ ಮಾಡಿದ.

ಮನೆ ಅಭ್ಯಾಸ: ನೋಟ್‌ಬುಕ್ಕಿನ ಒಂದು ಪೊಸಿಷನ್ ನಿಜವಾದ ಬೋರ್ಡ್ ಮೇಲೆ, ಹದಿನೈದು ನಿಮಿಷ ಗಡಿಯಾರ, ಪೀಸ್ ಮುಟ್ಟುವಂತಿಲ್ಲ. ಮೂರು ಕ್ಯಾಂಡಿಡೇಟ್ ಮೂವ್ (ಆಡಬಹುದು ಅನ್ನಿಸಿದವು) ಬರೆಯಬೇಕು, ಅದರಲ್ಲಿ ಒಂದು ದಡ್ಡತನದ್ದೇ ಆಗಿರಬೇಕು. ಇದು ಗ್ರ್ಯಾಂಡ್‌ಮಾಸ್ಟರ್ ಟೊಪಾಲೊವ್ ಎದುರು ಶಿರೋವ್ ಆಡಿದ ಗೇಮಿನಿಂದ ಹೊಳೆದದ್ದು, 1998ರ ಲಿನಾರೆಸ್ ಟೂರ್ನಮೆಂಟ್. ಬಿಷಪ್ ಎಚ್3! ಪಾನ್ ಬಾಯಿಗೆ ಬಿಷಪ್ ಕೊಟ್ಟು ರಾಜನಿಗೆ ದಾರಿ ಮಾಡಿಕೊಟ್ಟರು. ದಡ್ಡತನದ ಸಾಲಿನಲ್ಲಿ ಹುಡುಕದವರಿಗೆ ಅದು ಪಟ್ಟಿಗೇ ಬರೋದಿಲ್ಲ. ಎಂಜಿನ್ ತೆರೆಯೋದು ಎರಡು ದಿನ ಬಿಟ್ಟು. ಮೊದಲು ತೆರೆದರೆ ಅದು ಹೇಳಿದ್ದೇ ಸರಿ ಅನ್ನಿಸಿ ತಲೆ ಓಡೋದು ನಿಂತುಬಿಡುತ್ತದೆ. ಖರ್ಚು? ನೋಟ್‌ಬುಕ್ ಅರವತ್ತು ರೂಪಾಯಿ. ಗಡಿಯಾರ ಮೊದಲೇ ಇತ್ತು.

ನಡುವೆ ಬ್ಲಿಟ್ಜ್‌ನಲ್ಲೂ (ಕೆಲವೇ ನಿಮಿಷಗಳ ಆಟ) ಇದನ್ನು ಪ್ರಯತ್ನಿಸಿದೆ. ಕೆಲಸಕ್ಕೆ ಬರಲಿಲ್ಲ, ಟೈಮ್ ಮುಗಿದೇ ಸೋತೆ. ಅದಕ್ಕಿಂತ ಸ್ವಲ್ಪ ಉದ್ದದ ರ‍್ಯಾಪಿಡ್‌ನಲ್ಲಿ ಅರ್ಧಂಬರ್ಧ. ಒಂದೇ ಪಜಲ್ ಸೆಟ್ಟನ್ನು ಮತ್ತೆ ಮತ್ತೆ ಮಾಡಿಯೂ ನೋಡಿದೆ, ಉತ್ತರ ಬಾಯಿಪಾಠ ಆಯಿತು ಅಷ್ಟೇ. ಗೇಮ್ ದಿನ ಮಧ್ಯಾಹ್ನ ಅನ್ನ ಬಿಟ್ಟು ಬಾಳೆಹಣ್ಣು ತಿಂದದ್ದರಿಂದ ಮಾತ್ರ ಆಟದ ನಾಲ್ಕನೇ ಗಂಟೆಯಲ್ಲಿ ತೂಕಡಿಕೆ ಕಮ್ಮಿಯಾಯಿತು.

ಕಾಯಿದೆಯಲ್ಲಿ ಇನ್ನೊಂದು ಕಲಮಿದೆ, ಕ್ವೀನ್ ಎಕ್ಸ್‌ಚೇಂಜ್‌ಗೆ ಸಂಬಂಧಿಸಿದ್ದು. ಅದನ್ನು ಇಲ್ಲಿ ಬರೆದಿಲ್ಲ. ಈಚೆಗೆ ಎದುರಾಳಿಯ ಟೈಮನ್ನೂ ಬರೆದುಕೊಳ್ಳುತ್ತಿದ್ದೇನೆ. ಅದರಿಂದ ಏನು ಗೊತ್ತಾಯಿತು ಅನ್ನೋದನ್ನೂ ಸದ್ಯಕ್ಕೆ ಹೇಳೋದಿಲ್ಲ. ಮುಂದಿನ ಟೂರ್ನಮೆಂಟಿನಲ್ಲಿ ನಿಮ್ಮಲ್ಲೇ ಯಾರಾದರೂ ನನ್ನೆದುರು ಕೂರಬಹುದು.