ಟೈಮಿಂಗ್ ಬೆಲ್ಟ್ ಬದಲಿಸಿದ್ದು: ದುಡ್ಡು ಎಲ್ಲಿ ಹೋಗುತ್ತೆ?

ಕಾರಿನ ಎಂಜಿನ್ನಿಗೆ ಹೊಸ ಟೈಮಿಂಗ್ ಬೆಲ್ಟ್ (ಎಂಜಿನ್ ಭಾಗಗಳು ತಾಳ ತಪ್ಪದೆ ತಿರುಗುವಂತೆ ಮಾಡುವ ಹಲ್ಲಿನ ರಬ್ಬರ್ ಪಟ್ಟಿ) ಹಾಕಿಸೋಕೆ ಎಷ್ಟಾಗುತ್ತೆ ಅಂತ ಪುಣೆಯಲ್ಲಿ ಮೂರು ಕಡೆ ಕೇಳಿದೆ. ಮೂರು ಕಡೆ ಮೂರು ರೇಟು. ಸರ್ವಿಸ್ ಸೆಂಟರ್‌ನವರು ಜಿಎಸ್‌ಟಿ ಸೇರಿ ಹದಿನೇಳು ಸಾವಿರದ ಹತ್ತಿರ ಅಂದರು. ಚಿಂಚವಡದ ಒಂದು ದೊಡ್ಡ ಗ್ಯಾರೇಜಿನವರು ಹದಿಮೂರು ಸಾವಿರ, ಟ್ಯಾಕ್ಸ್ ಬೇರೆ. ಮನೆ ಹತ್ತಿರದ ಮೆಕ್ಯಾನಿಕ್ ಆರೂವರೆ ಸಾವಿರಕ್ಕೆ ಮಾಡಿಕೊಡ್ತೀನಿ ಅಂದ. ಕೆಲಸ ಒಂದೇ ಅಲ್ವಾ, ಇಷ್ಟು ಫರಕ್ ಯಾಕೆ? ಒಳಗೆ ಏನೇನು ಬದಲಿಸುತ್ತೀರಿ ಅಂತ ಕೇಳಿದಾಗ ಉತ್ತರ ಸಿಕ್ಕಿತು. ಆರೂವರೆ ಸಾವಿರದ್ದು ಬರೀ ಬೆಲ್ಟು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಇಲ್ಲ, ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಗಾಲಿ ಇಲ್ಲ, ಎಂಜಿನ್ ತಣ್ಣಗಿಡುವ ಕೂಲೆಂಟ್ ತಿರುಗಿಸುವ ವಾಟರ್ ಪಂಪ್ ಇಲ್ಲ.

ನನ್ನದು ಫೋರ್ಡ್ ಇಕೋಸ್ಪೋರ್ಟ್, 1.5 ಲೀಟರ್ ಡೀಸೆಲ್. ಓಡಿದ್ದು ಎಂಬತ್ತು ಸಾವಿರ ಚಿಲ್ಲರೆ ಕಿಲೋಮೀಟರ್, ಆದರೆ ವಯಸ್ಸು ಹತ್ತು ದಾಟಿದೆ. ತುಂಬಾ ಜನ ಕಿಲೋಮೀಟರ್ ಮಾತ್ರ ನೋಡುತ್ತಾರೆ. ಬೆಲ್ಟ್ ರಬ್ಬರಿನದು, ಗಾಡಿ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತೆ. ಕಾರಿನ ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ವರ್ಷವೂ ಬರೆದಿದ್ದರೆ, ಯಾವುದು ಮೊದಲು ಬರುತ್ತೋ ಅದೇ ಲೆಕ್ಕ. ಹಳೇ ಸ್ವಿಫ್ಟ್ ಡೀಸೆಲ್‌ನಂಥ ಕಾರುಗಳಲ್ಲಿ ಬೆಲ್ಟ್ ಬದಲು ಚೈನ್ ಇರುತ್ತೆ. ಅವರಿಗೆ ಬೆಲ್ಟ್ ಬದಲಿಸುವ ಈ ಖರ್ಚಿಲ್ಲ.

ಖರ್ಚು ಮುಂದೂಡಬಾರದು ಅನ್ನೋಕೆ ಕಾರಣ ಇದೆ. ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ, ವಾಲ್ವ್ ತೆರೆಯುವ ಕ್ಯಾಮ್ ದಂಡ ಸರಿಯಾಗಿ ಒಂದು ಸುತ್ತು ತಿರುಗಬೇಕು. ಆ ಲೆಕ್ಕ ಕಾಯೋದು ಈ ಬೆಲ್ಟು. ನನ್ನಂಥ ಎಂಜಿನ್‌ನಲ್ಲಿ ಓಡುತ್ತಿರುವಾಗ ಬೆಲ್ಟ್ ತುಂಡಾದರೆ, ತೆರೆದೇ ನಿಂತ ವಾಲ್ವ್‌ಗೆ ಪಿಸ್ಟನ್ ಬಡಿಯುತ್ತೆ. ಆಮೇಲೆ ಎಂಜಿನ್ನಿನ ಮೇಲ್ಭಾಗ, ಅಂದ್ರೆ ಹೆಡ್, ಇಳಿಸಬೇಕು. ಬೆಲ್ಟಿನ ಖರ್ಚಿನ ಎಷ್ಟೋ ಪಟ್ಟು ಬಿಲ್ಲು. ವರ್ಷಕ್ಕೆರಡು ಸಲ ಮನೆಯವರನ್ನೆಲ್ಲ ಕೂರಿಸಿಕೊಂಡು ಖಂಬಾಟ್ಕಿ ಘಾಟ್ ದಾಟಿ ಬೆಳಗಾವಿಗೆ ಹೋಗುವ ಗಾಡಿ ಇದು.

ನಾನು ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೇಂಟೆನೆನ್ಸ್ ಫಿಟ್ಟರ್. ಬೇರಿಂಗು, ಬೆಲ್ಟು ದಿನಾ ಕೈಯಲ್ಲಿ ಇರುವ ಸಾಮಾನು. ಹಾಗಾಗಿ ನಾನೇ ಹಾಕೋದು ಅಂತ ತೀರ್ಮಾನಿಸಿದೆ. ಜಾಗ ಕೊಟ್ಟಿದ್ದು ಇಂಡಿ ಕಡೆಯ ಒಬ್ಬ ಹುಡುಗ, ಅವನದೇ ಸಣ್ಣ ಗ್ಯಾರೇಜು. ನನ್ನ ಪಾರ್ಟ್ಸ್ ಚೀಟಿ ನೋಡಿ ಅವನು ಖುಷಿಪಟ್ಟ. "ಮಂದಿ ಬೆಲ್ಟ್ ಒಂದ ಹಾಕ್ರಿ ಅಂತಾರ ಅಣ್ಣಾರ. ಆರು ತಿಂಗಳಕ್ಕ ಪಂಪ್ ಸೋರಿದ್ರ ಮತ್ತ ಅಷ್ಟೂ ಬಿಚ್ಚಬೇಕು. ಆಗ ಮಜೂರಿ ಯಾರ ಕೊಡ್ತಾರ?"

ಅವನು ಹೇಳಿದ್ದೇ ಈ ಖರ್ಚಿನ ಗುಟ್ಟು. ದುಡ್ಡು ಹೋಗೋದು ಬಿಚ್ಚೋಕೆ ಮತ್ತು ಮತ್ತೆ ಜೋಡಿಸೋಕೆ. ಈ ಎಂಜಿನ್‌ನಲ್ಲಿ ವಾಟರ್ ಪಂಪನ್ನೂ ಟೈಮಿಂಗ್ ಬೆಲ್ಟೇ ತಿರುಗಿಸುತ್ತೆ. ಹಳೇ ಪಂಪ್ ಬಿಟ್ಟು ಹೊಸ ಬೆಲ್ಟ್ ಹಾಕಿದರೆ ನಾಳೆ ಪಂಪ್‌ಗಾಗಿ ಅದೇ ಬೆಲ್ಟ್ ಬಿಚ್ಚಬೇಕು.

ಪಾರ್ಟ್ಸ್ ತಂದಿದ್ದು ಪುಣೆಯ ನಾನಾ ಪೇಠದ ಅಂಗಡಿಯಿಂದ. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸೋದು ನಿಲ್ಲಿಸ್ತೀವಿ ಅಂದಾಗ ಪಾರ್ಟ್ಸ್ ಸಿಗುತ್ತೋ ಇಲ್ವೋ ಅಂತ ಭಯ ಇತ್ತು. ನನಗಂತೂ ತೊಂದರೆ ಆಗಲಿಲ್ಲ. "ಓರಿಜಿನಲ್ ಪಾಹಿಜೆ ಕೀ ಲೋಕಲ್?" (ಓರಿಜಿನಲ್ ಬೇಕಾ, ಲೋಕಲ್ಲಾ?) ಅಂತ ಅಂಗಡಿಯವರು ಕೇಳೇ ಕೇಳುತ್ತಾರೆ. ಬೆಲ್ಟಿನ ವಿಷಯದಲ್ಲಿ ಲೋಕಲ್ ಬೇಡವೇ ಬೇಡ. ಹೆಸರಿರುವ ಕಂಪನಿಯ ಸೀಲ್ ಒಡೆಯದ ಡಬ್ಬ, ಜಿಎಸ್‌ಟಿ ಬಿಲ್, ಎರಡೂ ಇಸ್ಕೊಳ್ಳಿ.

ಬೆಲ್ಟ್, ಟೆನ್ಷನರ್, ಐಡ್ಲರ್ ಸೇರಿದ ಕಿಟ್‌ಗೆ 4,800 ರೂಪಾಯಿ. ವಾಟರ್ ಪಂಪ್ 2,600. ಕೂಲೆಂಟ್ 1,200. ಕ್ರ್ಯಾಂಕ್ ಪುಲ್ಲಿಯ ಹೊಸ ಬೋಲ್ಟು, ಆಯಿಲ್ ಸೀಲು ಎಲ್ಲ ಸೇರಿ 600. ಹೊರಗಿನ ಆಲ್ಟರ್ನೇಟರ್ ಬೆಲ್ಟ್ 1,100. ಇದು ಯಾಕೆ ಅಂತ ಕೆಲವರು ಕೇಳಬಹುದು. ಹೊರಗಿನ ಬೆಲ್ಟ್ ಹರಿದರೆ ಅದರ ಚೂರು ಕೆಳಗಿನ ಕವರ್ ಒಳಗೆ ನುಗ್ಗಿ ಟೈಮಿಂಗ್ ಬೆಲ್ಟನ್ನೇ ಜಾಗ ತಪ್ಪಿಸಬಹುದು. ಬೆಲ್ಟ್ ಹಾಕುವಾಗ ಕ್ರ್ಯಾಂಕ್, ಕ್ಯಾಮ್ ಸರಿಯಾದ ಜಾಗದಲ್ಲಿ ಇರೋಕೆ ಹಾಕುವ ಲಾಕಿಂಗ್ ಪಿನ್‌ಗಳ ಸೆಟ್ 1,600. ಗ್ಯಾರೇಜಿನ ಹುಡುಗನಿಗೆ 1,000 ಕೊಟ್ಟೆ. ಒಟ್ಟು 12,900.

ಬಲಗಡೆಯ ಮುಂದಿನ ಚಕ್ರ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದು, ಎಂಜಿನ್ ಕೆಳಗೆ ಮರದ ಹಲಗೆ ಇಟ್ಟು ಜಾಕ್ ಕೊಟ್ಟು, ಆಮೇಲೆ ಎಂಜಿನ್ ಹಿಡಿದಿಡುವ ಮೇಲಿನ ಮೌಂಟ್ ಬಿಚ್ಚಿದೆವು. ಹಠ ಮಾಡೋದು ಕ್ರ್ಯಾಂಕ್ ಪುಲ್ಲಿಯ ಬೋಲ್ಟು. ಅದನ್ನು ಸಡಿಲಿಸುವಾಗ ಲಾಕಿಂಗ್ ಪಿನ್ ಮೇಲೆ ಭಾರ ಹಾಕಬೇಡಿ. ಆ ಪಿನ್ ಇರೋದು ಜಾಗ ತೋರಿಸೋಕೆ. ಬಲ ಬಿದ್ದರೆ ಮುರಿಯುತ್ತೆ. ಬೋಲ್ಟ್ ಬಿಚ್ಚುವ ಇಂಪ್ಯಾಕ್ಟ್ ಗನ್ ಇದ್ದಿದ್ದರಿಂದ ನಮಗೆ ಸಲೀಸಾಯಿತು. ಮನೆ ಪಾರ್ಕಿಂಗ್ ಬಿಟ್ಟು ಗ್ಯಾರೇಜಿಗೆ ಹೋಗಿದ್ದೇ ಅದಕ್ಕೆ.

ಬಿಚ್ಚಿದ ಬೆಲ್ಟ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಹಿಂದಕ್ಕೆ ಮಡಚಿ ಬೆಳಕಿಗೆ ಹಿಡಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಹಳೇ ಟೆನ್ಷನರನ್ನು ಬೆರಳಲ್ಲಿ ತಿರುಗಿಸಿದೆ. ಸರ್ರನೆ ಒಣ ಸದ್ದು ಮಾಡುತ್ತಾ ತುಂಬ ಹೊತ್ತು ತಿರುಗಿತು. ಗ್ರೀಸ್ ಇರುವ ಬೇರಿಂಗ್ ಹಾಗೆ ತಿರುಗಲ್ಲ, ಸ್ವಲ್ಪ ತಡೆದು ಬೇಗ ನಿಲ್ಲುತ್ತೆ. ಪಂಪಿನ ಕೆಳಗೆ ಒಣಗಿದ ಕೂಲೆಂಟ್ ಕಲೆಯೂ ಇತ್ತು. ಹುಡುಗ ಟೆನ್ಷನರನ್ನು ತನ್ನ ಕಪಾಟಿನಲ್ಲಿಟ್ಟುಕೊಂಡ, ಬರೀ ಬೆಲ್ಟ್ ಸಾಕು ಅನ್ನುವ ಗಿರಾಕಿಗಳಿಗೆ ತೋರಿಸೋಕೆ.

ಕ್ರ್ಯಾಂಕ್, ಕ್ಯಾಮ್, ಡೀಸೆಲ್ ಪಂಪ್ ಮೂರಕ್ಕೂ ಪಿನ್ ಹಾಕಿದ ಮೇಲೇ ಹೊಸ ಬೆಲ್ಟ್. ಟೆನ್ಷನರ್ ಕಡೆ ಬಿಟ್ಟು ಬೇರೆಲ್ಲೂ ಬೆಲ್ಟ್ ಸಡಿಲ ಇರಬಾರದು. ಟೆನ್ಷನರ್ ಮುಳ್ಳು ಗುರುತಿಗೆ ಬರಬೇಕು. ನಂತರ ಪಿನ್ ತೆಗೆದು ಸ್ಪ್ಯಾನರ್ ಹಾಕಿ ಕೈಯಿಂದಲೇ ಕ್ರ್ಯಾಂಕ್ ತಿರುಗಿಸಬೇಕು, ಎರಡೆರಡು ಸುತ್ತಿನ ಲೆಕ್ಕದಲ್ಲಿ. ಎಲ್ಲೂ ತಟ್ಟದೆ ತಿರುಗಿ, ಪಿನ್‌ಗಳು ಮತ್ತೆ ತಾವಾಗಿ ಕೂತರೆ ಟೈಮಿಂಗ್ ಸರಿ ಇದೆ. ಕೂರದಿದ್ದರೆ ಕಾರಿನ ಕೀಲಿ ಮುಟ್ಟಬೇಡಿ, ಬೆಲ್ಟ್ ತೆಗೆದು ಮತ್ತೆ ಹಾಕಿ.

ಸರ್ವಿಸ್ ಸೆಂಟರ್ ರೇಟಿಗೆ ಹೋಲಿಸಿದರೆ ಉಳಿದಿದ್ದು ನಾಲ್ಕು ಸಾವಿರದ ಆಸುಪಾಸು. ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿ ಮಾಡುವ ಟಾರ್ಕ್ ರೆಂಚ್ ನನ್ನ ಹತ್ತಿರ ಮೊದಲೇ ಇತ್ತು. ಹೊಸದಾಗಿ ಕೊಂಡಿದ್ದರೆ ಉಳಿಕೆ ಅಷ್ಟಕ್ಕೇ ಸರಿಹೋಗುತ್ತಿತ್ತು. ಕೈಗೆ ಈ ಕೆಲಸದ ರೂಢಿ ಇಲ್ಲದವರು ಪಾರ್ಟ್ಸ್ ಮಾತ್ರ ತಾವೇ ಆರಿಸಿ, ಲೇಬರ್ ಕೊಟ್ಟು ಮಾಡಿಸೋದು ಒಳ್ಳೆಯದು. ಪಾರ್ಟ್ಸ್ ಎಷ್ಟು, ಲೇಬರ್ ಎಷ್ಟು, ಲೇಬರ್ ಮೇಲಿನ 18% ಜಿಎಸ್‌ಟಿ ಸೇರಿದೆಯಾ ಅಂತ ಬರೆಸಿಕೊಳ್ಳಿ. ಹಳೇ ಸಾಮಾನು ವಾಪಸ್ ಕೇಳಿ. ಕೊಡುವ ಗ್ಯಾರೇಜಿಗೇ ಗಾಡಿ ಬಿಡಿ.