ಎಡಗಡೆ ಇತಿಹಾಸ, ಬಲಗಡೆ ಇಂಗ್ಲಿಷ್

ಬಿ.ಎ.ಗೆ ಸೇರುವಾಗ ನಾನು ಇತಿಹಾಸ, ರಾಜ್ಯಶಾಸ್ತ್ರದ ಜೊತೆ ಆಪ್ಷನಲ್ ಇಂಗ್ಲಿಷ್, ಅಂದರೆ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡೆ. ಪಿಯುಸಿವರೆಗೆ ಓದಿದ್ದೆಲ್ಲ ಕನ್ನಡ ಮೀಡಿಯಂ. ಸೋದರಮಾವ ಕೇಳಿದ ತಕ್ಷಣ, "ಇಂಗ್ಲಿಷ್ ಆದ್ರೆ ಇಂಗ್ಲಿಷೇ ಓದು, ಇತಿಹಾಸ ಆದ್ರೆ ಇತಿಹಾಸ. ಎರಡು ದೋಣಿ ಮೇಲೆ ಕಾಲಿಡಬೇಡ ಪುಟ್ಟಿ" ಅಂದರು. ನನಗೆ ಎರಡೂ ಬೇಕಿತ್ತು.

ಊರು ಮಂಡ್ಯದ ಹತ್ತಿರ, ಕಾಲೇಜು ಮೈಸೂರಿನಲ್ಲಿ. ದಿನಾ ರೈಲಿನಲ್ಲಿ ಓಡಾಟ. ಇತಿಹಾಸದ ಪರೀಕ್ಷೆ ಕನ್ನಡದಲ್ಲಿ ಬರೆಯುತ್ತಿದ್ದೆ, ಸಾಹಿತ್ಯದ್ದು ಇಂಗ್ಲಿಷಿನಲ್ಲಿ. ಈ ಎರಡು ಭಾಷೆಯ ವಿಷಯ ಮುಂದೆ ಹೇಳುತ್ತೇನೆ, ಅದೇ ನನಗೆ ಮುಖ್ಯವಾಗಿದ್ದು.

ಮೊದಲ ಸೆಮಿಸ್ಟರಿನಲ್ಲಿ ಎರಡು ಕಡೆಯೂ ಎಡವಿದೆ. ಇತಿಹಾಸದ ಅಸೈನ್‌ಮೆಂಟಿನಲ್ಲಿ ಕೈಗಾರಿಕಾ ಕ್ರಾಂತಿಯ ಬಗ್ಗೆ ಬರೆಯಬೇಕಿತ್ತು. ಡಿಕನ್ಸ್ 1854ರಲ್ಲಿ ಬರೆದ ಕಾದಂಬರಿಯ ಕೋಕ್‌ಟೌನ್ ಊರನ್ನು ತಂದು, ಹೊಗೆ, ಕಪ್ಪು ನೀರು, ಒಂದೇ ತರದ ಬೀದಿಗಳು, ಎಲ್ಲವನ್ನೂ ಕಂಡವಳ ಹಾಗೆ ತುಂಬಿಸಿದೆ. ಮೇಷ್ಟ್ರು ಕೆಂಪು ಇಂಕಿನಲ್ಲಿ, "ಇದು ಕಾದಂಬರಿಕಾರ ಕಟ್ಟಿದ ಊರು. ಸಾಕ್ಷಿ ಎಲ್ಲಿ?" ಎಂದು ಬರೆದಿದ್ದರು. ಅದೇ ತಿಂಗಳು ಇಂಗ್ಲಿಷ್ ಟೆಸ್ಟಿನಲ್ಲಿ ಬ್ಲೇಕ್ ಕವಿಯ 'ಲಂಡನ್' ಪದ್ಯ ಬಂತು. 1789ರ ಫ್ರೆಂಚ್ ಕ್ರಾಂತಿ, 1793ರ ಯುದ್ಧ ಎಂದು ಎರಡು ಪುಟ ಬರೆದೆ. ಮೇಡಂ ಪೇಪರ್ ಕೊಡುವಾಗ, "ಇದರಲ್ಲಿ ಪದ್ಯ ಎಲ್ಲಿದೆಯಮ್ಮ?" ಅಂದರು. ಅವತ್ತು ರೈಲಿನಲ್ಲಿ ಕೂತು ತುಂಬಾ ಬೇಜಾರು ಮಾಡಿಕೊಂಡೆ. ಒಂದು ಕಡೆ ಕಥೆ ಜಾಸ್ತಿಯಾಗಿತ್ತು, ಇನ್ನೊಂದು ಕಡೆ ಇಸವಿ ಜಾಸ್ತಿಯಾಗಿತ್ತು.

ದಾರಿ ತೋರಿಸಿದ್ದು ಅದೇ ಪದ್ಯದ ಒಂದು ಪದ. ಬ್ಲೇಕ್ ಲಂಡನ್ನಿನ ಬೀದಿಗೂ 'ಚಾರ್ಟರ್ಡ್' ಅನ್ನುತ್ತಾನೆ, ಥೇಮ್ಸ್ ನದಿಗೂ 'ಚಾರ್ಟರ್ಡ್' ಅನ್ನುತ್ತಾನೆ. ಡಿಕ್ಷನರಿಯಲ್ಲಿ ಬಾಡಿಗೆಗೆ ಪಡೆದದ್ದು ಎಂಬ ಅರ್ಥ ನೋಡಿ ಪಕ್ಕದಲ್ಲಿ ಬರೆದುಕೊಂಡಿದ್ದೆ. ಹರಿಯುವ ನದಿಯನ್ನು ಬಾಡಿಗೆಗೆ ಪಡೆಯೋದು ಹೇಗೆ ಅಂತ ತಲೆಗೆ ಹೋಗಲೇ ಇಲ್ಲ. ಇನ್ನೊಂದು ಕಡೆ ಇತಿಹಾಸದ ಪುಸ್ತಕದಲ್ಲಿ '1793ರ ಸನ್ನದು ಕಾಯ್ದೆ' ಅಂತ ಬಾಯಿಪಾಠ ಮಾಡುತ್ತಿದ್ದೆ. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಹಕ್ಕನ್ನು ಇನ್ನೂ 20 ವರ್ಷ ಮುಂದುವರಿಸಿದ ಕಾಯ್ದೆ ಅದು. ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ತಿರುವುವಾಗ ಅದೇ ಕಾಯ್ದೆಯ ಹೆಸರು ಕಣ್ಣಿಗೆ ಬಿತ್ತು: ಚಾರ್ಟರ್ ಆ್ಯಕ್ಟ್. ಸನ್ನದು ಅಂದರೆ ಚಾರ್ಟರ್! ಪದ್ಯ ಅಚ್ಚಾಗಿದ್ದು 1794ರಲ್ಲಿ, ಕಾಯ್ದೆಯ ಮರುವರ್ಷ. ಬ್ಲೇಕ್ ಆ ಕಾಯ್ದೆಯನ್ನೇ ಮನಸ್ಸಿನಲ್ಲಿಟ್ಟು ಬರೆದ ಅಂತ ನಾನು ಹೇಳುವುದಿಲ್ಲ, ಅದಕ್ಕೆ ಸಾಕ್ಷಿ ಬೇಕು. ಆದರೆ ಸನ್ನದು ಅಂದರೆ ಕೆಲವರಿಗೆ ಮಾತ್ರ ಬರೆದುಕೊಟ್ಟ ಹಕ್ಕು, ಉಳಿದವರಿಗೆ ಬಾಗಿಲು ಬಂದ್. ನದಿಗೂ ಸನ್ನದು ಹಾಕಿದ್ದಾರೆ ಅಂತ ಓದಿದಾಗ ಆ ಸಾಲಿನ ಸಂಕಟ ಅರ್ಥವಾಯಿತು.

ಅವತ್ತೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಎಡಗಡೆ ಪುಟದಲ್ಲಿ ಇತಿಹಾಸ, ಕನ್ನಡದಲ್ಲಿ. ಬಲಗಡೆ ಸಾಹಿತ್ಯ, ಇಂಗ್ಲಿಷಿನಲ್ಲಿ. ಎರಡಕ್ಕೂ ಇಸವಿ ಒಂದೇ ಸಾಲಿನಲ್ಲಿ ಬರಬೇಕು. ಬಲಗಡೆ ಪುಟದಲ್ಲಿ ಕತೆಯ ಸಾರಾಂಶ ಬರೆಯುತ್ತಿರಲಿಲ್ಲ, ಒಂದು ಪದ ಅಥವಾ ಒಂದು ಸಾಲು ಮಾತ್ರ. ಸಾರಾಂಶ ಗೈಡಿನಲ್ಲೂ ಸಿಗುತ್ತದೆ ಅಲ್ವಾ? ಒಂದು ಪದದ ಮುಂದೆ ಸುಮ್ನೆ ಕೂತು ಯೋಚಿಸೋದು ನಾವೇ ಮಾಡಬೇಕಾದ ಕೆಲಸ.

ಎರಡನೇ ವರ್ಷ ವಿಲ್ಕಿ ಕಾಲಿನ್ಸ್ ಬರೆದ 'ದಿ ಮೂನ್‌ಸ್ಟೋನ್' ಓದಿದೆ. 1868ರ ಪತ್ತೇದಾರಿ ಕಾದಂಬರಿ, ದಪ್ಪ ಪುಸ್ತಕ. ಹೋಗುವಾಗ 20 ಪುಟ, ಬರುವಾಗ 20 ಪುಟ ಎಂದು ಲೆಕ್ಕ ಇಟ್ಟುಕೊಂಡಿದ್ದೆ. ಮೊದಲ ಪುಟ ತೆಗೆದರೆ ಶ್ರೀರಂಗಪಟ್ಟಣ! 1799ರಲ್ಲಿ ಕೋಟೆ ಬಿದ್ದಾಗ ಒಬ್ಬ ಇಂಗ್ಲಿಷ್ ಅಧಿಕಾರಿ ವಜ್ರ ದೋಚುವುದರಿಂದ ಕತೆ ಶುರು. ನಮ್ಮ ರೈಲು ದಿನಾ ಅದೇ ಊರಿನ ಮೇಲೆ ಹೋಗುತ್ತದೆ. ಕಿಟಕಿಯಿಂದ ಕಾವೇರಿ ಕಾಣುವಾಗ ಪುಸ್ತಕ ಮುಚ್ಚಿ ನೋಡುತ್ತಾ ಕೂತೆ.

ವಜ್ರದ ಕತೆ ಕಲ್ಪನೆ. ಲೂಟಿ ನಿಜ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ, ಆ ರಾತ್ರಿ ಗೆದ್ದ ಸೈನಿಕರು ಊರೆಲ್ಲ ದೋಚಿದರು. ಮರುದಿನ ಅಧಿಕಾರ ವಹಿಸಿಕೊಂಡ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಬೇಕಾಯಿತು. ಲೂಟಿಯಾಗದ ಮನೆ ಇಲ್ಲವೆಂಬಷ್ಟು ನಡೆದಿದೆ ಎಂದು ಅವನೇ ಅಣ್ಣನಿಗೆ ಪತ್ರದಲ್ಲಿ ಬರೆದ. ಇದೆಲ್ಲ ಎಡಗಡೆ ಪುಟಕ್ಕೆ ಹೋಯಿತು.

ಬಲಗಡೆ ಪುಟಕ್ಕೆ ಹೋದ ಸಾಲು ಬೇರೆ. ಕಾದಂಬರಿಯ ಆರಂಭವನ್ನು ಹೇಳುವವನು ಆ ಅಧಿಕಾರಿಯ ದಾಯಾದಿ. ವಜ್ರದ ಕಾವಲಿನವರನ್ನು ಕೊಂದದ್ದು ಆ ಅಧಿಕಾರಿಯೇ ಅಂತ ಇವನಿಗೆ ಮನಸ್ಸಿನಲ್ಲಿ ಖಾತ್ರಿ. ಆದರೂ 'ಕೊಂದದ್ದನ್ನು ನನ್ನ ಕಣ್ಣಾರೆ ನೋಡಿಲ್ಲ' ಎಂದು ಒಪ್ಪಿಕೊಳ್ಳುತ್ತಾನೆ. ಮುಂದೆಯೂ ಕತೆಯನ್ನು ಒಬ್ಬೊಬ್ಬರೇ ಬಂದು ಹೇಳುತ್ತಾರೆ, ತಮಗೆ ಗೊತ್ತಿರುವಷ್ಟೇ ಹೇಳಬೇಕು. ಇತಿಹಾಸದ ಮೇಷ್ಟ್ರು ಕ್ಲಾಸಿನಲ್ಲಿ ಪ್ರತಿ ಆಧಾರಕ್ಕೂ ಕೇಳುತ್ತಿದ್ದದ್ದು ಇದನ್ನೇ: ಹೇಳಿದವರು ಯಾರು, ಯಾವಾಗ ಹೇಳಿದರು, ಕಣ್ಣಾರೆ ಕಂಡಿದ್ದರಾ? ನನಗೆ ಮೈ ಜುಮ್ಮೆಂದಿತು. ಕಾದಂಬರಿ ಆ ರಾತ್ರಿಗೆ ಸಾಕ್ಷಿಯಲ್ಲ. ಆದರೆ ಸಾಕ್ಷಿ ಅಂದರೆ ಏನು ಅಂತ ಅದು ಕೇಳುತ್ತದೆ. 1868ರ ಇಂಗ್ಲಿಷ್ ಓದುಗರಿಗೆ, ನಮ್ಮ ಮನೆಯಲ್ಲಿರುವ ಒಡವೆ ಎಲ್ಲಿಂದ ಬಂತು ಎಂಬ ಅಳುಕು ಇತ್ತೇ ಎಂದು ಕೇಳಲು ಅದು ಒಳ್ಳೆ ಆಧಾರ.

ಒಂದು ಶನಿವಾರ ಶ್ರೀರಂಗಪಟ್ಟಣದಲ್ಲೇ ಇಳಿದೆ. ಕೋಟೆ ಒಡೆದ ಜಾಗದ ಹತ್ತಿರ ಒಂದು ಸ್ಮಾರಕ ಕಂಬ ಇದೆ, ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ್ದು. ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳನ್ನು ಅದು ನೆನೆಯುತ್ತದೆ. ಅದನ್ನೂ ಪದ್ಯ ಓದುವ ಹಾಗೆ ಓದಿದೆ. ಯಾವ ವಿಶೇಷಣ ಯಾರಿಗೆ ಹಚ್ಚಿದ್ದಾರೆ, ಯಾರ ಹೆಸರಿಲ್ಲ. ಕೋಟೆಯ ದಾಳಿಗೆ ಮುಂದಾಳಾಗಿದ್ದ ಬ್ರಿಟಿಷ್ ಸೇನಾಧಿಕಾರಿ ಬೇರ್ಡ್‌ಗೆ ಟಿಪ್ಪುವಿನ ಶವ ಸಿಗುವ ಪ್ರಸಿದ್ಧ ಚಿತ್ರವನ್ನೂ ಹೀಗೇ ನೋಡಿದೆ. ಡೇವಿಡ್ ವಿಲ್ಕಿ ಅದನ್ನು ಮುಗಿಸಿದ್ದು 1839ರಲ್ಲಿ. ಕೋಟೆ ಬಿದ್ದಾಗ ಅವನು 13 ವರ್ಷದ ಹುಡುಗ, ಇದ್ದದ್ದು ಸ್ಕಾಟ್‌ಲೆಂಡಿನಲ್ಲಿ. ಚಿತ್ರ ಬರೆಸಿದ್ದು ಬೇರ್ಡ್‌ನ ಹೆಂಡತಿ, ಗಂಡ ಸತ್ತ ಮೇಲೆ.

ಕೊನೆ ಸೆಮಿಸ್ಟರಿನ ಪ್ರಾಜೆಕ್ಟಿಗೆ ಇದೇ ಒಂದು ರಾತ್ರಿಯನ್ನು ಆರಿಸಿಕೊಂಡೆ: ಪತ್ರ, ಕಾದಂಬರಿ, ಚಿತ್ರ, ಕಂಬ.

ಈ ಎರಡನ್ನೂ ಒಟ್ಟಿಗೆ ಓದಲು ಹೊರಟ ಹುಡುಗ ಹುಡುಗಿಯರು ಈಗ ನನ್ನನ್ನು ಸಲಹೆ ಕೇಳುತ್ತಾರೆ. ಓದುವ ಹೊರೆ ಖಂಡಿತ ಜಾಸ್ತಿ. ಕಾದಂಬರಿಗಳನ್ನು ರಜೆಯಲ್ಲೇ ಮುಗಿಸಿ, ಸೆಮಿಸ್ಟರ್ ಶುರುವಾದ ಮೇಲೆ ಆಗೋದಿಲ್ಲ. ಪರೀಕ್ಷೆಯ ಹಿಂದಿನ ದಿನ ಎರಡೂ ಪುಟ ಒಟ್ಟಿಗೆ ಓದಬೇಡಿ. ನಾನು ನಾಳೆ ಯಾವ ಪೇಪರೋ ಆ ಕಡೆಯ ಪುಟ ಮಾತ್ರ ಬಿಟ್ಟು, ಇನ್ನೊಂದು ಕಡೆಗೆ ಹಳೇ ಕ್ಯಾಲೆಂಡರ್ ಹಾಳೆ ಮುಚ್ಚಿ ಕ್ಲಿಪ್ ಹಾಕುತ್ತಿದ್ದೆ.