ಟೆನ್ಷನ್‌ಗೆ ಕತ್ತು, ಭುಜ ಹಿಡಿದುಕೊಂಡರೆ ಹೀಗೆ ಮಾಡಿ

ಟೆನ್ಷನ್ ಜಾಸ್ತಿಯಾದಾಗ ನಮಗೆ ಗೊತ್ತಿಲ್ಲದೆಯೇ ಭುಜ ಮೇಲೇರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೇವೆ. ಗಂಟೆಗಟ್ಟಲೆ ಹಾಗೇ ಇದ್ದರೆ ನೋವು ಬಂದೇ ಬರುತ್ತದೆ, ಅಲ್ವಾ? ಸುಮ್ನೆ ‘ರಿಲ್ಯಾಕ್ಸ್ ಆಗು’ ಅಂದರೆ ಸ್ನಾಯು ಕೇಳುವುದಿಲ್ಲ. ಮೊದಲು ಬೇಕೆಂದೇ ಬಿಗಿ ಮಾಡಿ, ಆಮೇಲೆ ಬಿಡಿ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ಪರಿಚಯಿಸಿದ ವಿಧಾನ ಇದು.

ಉಸಿರೆಳೆಯುತ್ತಾ ಭುಜಗಳನ್ನು ಕಿವಿಯ ಹತ್ತಿರಕ್ಕೆ ಎತ್ತಿ 5 ಸೆಕೆಂಡ್ ಹಿಡಿಯಿರಿ. ಉಸಿರು ಬಿಡುತ್ತಾ ಒಮ್ಮೆಲೇ ಸಡಿಲಿಸಿ. ಮುಂದಿನ 15-20 ಸೆಕೆಂಡ್ ಏನೂ ಮಾಡಬೇಡಿ, ತೋಳು ಭಾರವಾಗಿ ಇಳಿಯುವುದನ್ನು ಗಮನಿಸಿ. ಈ ಬಿಡುವೇ ಮುಖ್ಯ, ದಯವಿಟ್ಟು ಅವಸರ ಮಾಡಬೇಡಿ. ಹೀಗೇ ಮುಷ್ಟಿ, ದವಡೆ, ಹೊಟ್ಟೆ, ಕಾಲು. ಈಗಾಗಲೇ ನೋಯುತ್ತಿರುವ ಜಾಗವನ್ನು ಮೆಲ್ಲಗೆ ಬಿಗಿ ಮಾಡಿದರೆ ಸಾಕು.

ಕೈ ಜೋಮು ಹಿಡಿಯುತ್ತಿದ್ದರೆ, ಎದೆ ನೋವಿದ್ದರೆ ಇದನ್ನೇ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.